ತಡವಾಗಿ ಹೊರಟವಳಿಗೂ ದಾರಿಯುಂಟು

(ಎಸ್ಟೇಟ್ ಕಾರ್ಮಿಕ ಕುಟುಂಬಗಳ ಭಾನುವಾರದ ಕೂಟದಲ್ಲಿ ಉಪದೇಶಿಯೊಬ್ಬರು ಆಡಿದ ಮಾತುಗಳು)



ಈ ದಿನ ನನಗೆ ಕೊಟ್ಟಿರುವ ವಿಷಯ ದೊಡ್ಡ ಸಿದ್ಧಾಂತದ್ದಲ್ಲ, ನಮ್ಮ ಲೈನುಗಳಲ್ಲಿ ನಡೆಯುವ ಮಾತು. ಮದುವೆಯಾಗಿ, ಮಕ್ಕಳಾಗಿ, ಹತ್ತು ಹನ್ನೆರಡು ವರ್ಷ ಕೂಲಿಯಲ್ಲಿ ಕಳೆದ ಮೇಲೆ ಒಬ್ಬ ಹೆಣ್ಣುಮಗಳು ನರ್ಸಿಂಗ್ ಶಾಲೆಗೆ ಸೇರಬಹುದೇ? ಜೊತೆಯವರೆಲ್ಲ ಹದಿನೆಂಟು ವರ್ಷದವರಿರುವ ತರಗತಿಯಲ್ಲಿ ಇಪ್ಪತ್ತೊಂಬತ್ತು ವರ್ಷದವಳು ಹೋಗಿ ಕೂತರೆ ನಗೆಪಾಟಲಾಗುವುದಿಲ್ಲವೇ? ಈ ಪ್ರಶ್ನೆಯನ್ನು ನನ್ನ ಬಳಿ ಗಟ್ಟಿಯಾಗಿ ಕೇಳಿದವರು ಕಡಿಮೆ. ಕೂಟ ಮುಗಿದು ಎಲ್ಲರೂ ಹೊರಟ ಮೇಲೆ ಬಾಗಿಲ ಹತ್ತಿರ ನಿಂತು ಮೆಲ್ಲಗೆ ಕೇಳಿದವರೇ ಹೆಚ್ಚು. ಆದ್ದರಿಂದ ಎಲ್ಲರ ಮುಂದೆಯೇ ಈ ಮಾತನ್ನು ಆಡೋಣ ಎಂದುಕೊಂಡಿದ್ದೇನೆ.

ಇದಕ್ಕೆ ನಮ್ಮ ಹಿರಿಯರು ಕೂಡಲೇ ಒಂದು ಗಾದೆ ಹೇಳುತ್ತಾರೆ: ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಗಾದೆಗೆ ನಾನು ಅಗೌರವ ತೋರಿಸುವುದಿಲ್ಲ. ಆದರೆ ನೀವು ಕಾಫಿ ತೋಟದಲ್ಲಿ ಕೆಲಸ ಮಾಡುವವರು. ಮುದಿಯಾದ ಕಾಫಿ ಗಿಡವನ್ನು ಬುಡದಲ್ಲಿ ಒಂದಡಿ ಬಿಟ್ಟು ಕೊಯ್ಯುವುದನ್ನು ನೋಡಿದ್ದೀರಿ. ನಿಮ್ಮಲ್ಲಿ ಎಷ್ಟೋ ಮಂದಿ ನಿಮ್ಮ ಕೈಯಲ್ಲೇ ಕೊಯ್ದಿದ್ದೀರಿ. ಆ ಬುಡದಿಂದ ಚಿಗುರು ಒಡೆಯುತ್ತದೆ. ಒಳ್ಳೆಯದೊಂದನ್ನು ಉಳಿಸಿ ಮಿಕ್ಕದ್ದನ್ನು ತೆಗೆಯುತ್ತೀರಿ. ಕೆಲವು ವರ್ಷಕ್ಕೆ ಅದೇ ಬುಡ ಫಸಲು ಕೊಡುತ್ತದೆ. ಬೇರು ಹಳೆಯದಾಗಿರುವುದರಿಂದಲೇ ಚಿಗುರು ಬೇಗ ಏಳುತ್ತದೆ ಎಂದು ನನಗೆ ಹೇಳಿಕೊಟ್ಟವರೂ ನೀವೇ. ಹಾಗಾದರೆ ಮನುಷ್ಯರ ವಿಷಯದಲ್ಲಿ ಮಾತ್ರ ನಾವು ಏಕೆ ಕೈಬಿಡಬೇಕು?

ತಡ ಏಕಾಯಿತು ಎಂಬುದನ್ನು ಮೊದಲು ನೋಡೋಣ. ಇಲ್ಲಿ ಕುಳಿತಿರುವವರಲ್ಲಿ ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ, ರಾಯದುರ್ಗದ ಕಡೆಯಿಂದ ಬಂದ ಕುಟುಂಬಗಳಿವೆ. ಆ ಸೀಮೆಯ ಮಳೆ ವರ್ಷಕ್ಕೆ ಸರಾಸರಿ 550 ಮಿಲಿಮೀಟರ್ ಆಸುಪಾಸು. ಶೇಂಗಾ ಬಿತ್ತಿ ಆಕಾಶ ನೋಡುವ ಬೇಸಾಯ. ಬೆಳೆ ಒಣಗಿದ ವರ್ಷ ಮನೆಯವರು ಗಂಟು ಕಟ್ಟಿಕೊಂಡು ಕೆಲಸವಿದ್ದ ಕಡೆ ಹೋಗುತ್ತಾರೆ. ಹಾಗೆ ಹೋಗುವಾಗ ಮೊದಲು ನಿಲ್ಲುವುದು ದೊಡ್ಡ ಮಗಳ ಓದು. ತಮ್ಮ ತಂಗಿಯರನ್ನು ನೋಡಿಕೊಳ್ಳಲು, ಗಂಜಿ ಬೇಯಿಸಲು, ನೀರು ಹೊರಲು ಅವಳು ಬೇಕು. ಹದಿನೆಂಟಕ್ಕೆ ಮದುವೆ. ಆಮೇಲೆ ಬಾಣಂತನ. ಒಂದು ದಿನ ಅವಳು ತಲೆಯೆತ್ತಿ ನೋಡಿದಾಗ ವಯಸ್ಸು ಇಪ್ಪತ್ತೆಂಟು. ಇದರಲ್ಲಿ ಅವಳ ಸೋಮಾರಿತನ ಎಲ್ಲಿ ಬಂತು? ಬೇರೆಯವರ ಭಾರ ಹೊತ್ತಿದ್ದರಿಂದ ಅವಳಿಗೆ ತಡವಾಯಿತು.

ದ್ರಾಕ್ಷೆತೋಟದ ಕೂಲಿಯಾಳುಗಳ ಸಾಮ್ಯ ನಿಮಗೆಲ್ಲ ಗೊತ್ತು. ನಮ್ಮ ಜನ ಮಸ್ಟರ್ ರೋಲಿನವರು. ಆ ಕಥೆ ಕೇಳಿದಾಗಲೆಲ್ಲ ಬೆಳಿಗ್ಗೆಯಿಂದ ದುಡಿದವರ ಪಕ್ಷ ವಹಿಸುತ್ತೀರಿ. ಅದು ಸಹಜ. ಆದರೆ ಸಂಜೆಗೆ ಬಂದವರನ್ನು ಯಜಮಾನ ವಿಚಾರಿಸಿದಾಗ ಅವರು ಕೊಟ್ಟ ಕಾರಣವನ್ನು ಗಮನಿಸಿ. ತಮ್ಮನ್ನು ಯಾರೂ ಕೆಲಸಕ್ಕೆ ಕರೆದಿರಲಿಲ್ಲ ಎಂದು ಅವರು ಹೇಳಿದರು. ನಮ್ಮ ಹೆಣ್ಣುಮಕ್ಕಳದ್ದೂ ಅದೇ ಕಾರಣ. ಆದರೂ ಒಂದು ವ್ಯತ್ಯಾಸವನ್ನು ಮರೆಯಬಾರದು. ಆ ಯಜಮಾನ ಒಂದು ಗಳಿಗೆಯ ಕೆಲಸಕ್ಕೆ ಪೂರ್ಣ ಕೂಲಿ ಕೊಟ್ಟ. ನರ್ಸಿಂಗ್ ಶಾಲೆ ಹಾಗೆ ಕೊಡುವುದಿಲ್ಲ. ತಡವಾಗಿ ಬಂದವಳೂ ಅದೇ ಮೂರು ವರ್ಷ ಓದಬೇಕು, ಅದೇ ಪರೀಕ್ಷೆ ಬರೆಯಬೇಕು, ಅದೇ ರಾತ್ರಿ ಪಾಳಿ ಮಾಡಬೇಕು. ಕರುಣೆಯ ಸೀಟು ಎಂಬುದಿಲ್ಲ. ಇದನ್ನು ತಿಳಿದುಕೊಂಡೇ ಹೊರಡಬೇಕು.

ತಡವಾಗಿ ಹೊರಟವರು ಯಾರಾದರೂ ಉಂಟೇ ಎಂದು ಕೇಳುವಿರಿ. ಉಂಟು. ಎಲ್ಲರಿಗೂ ಹೆಸರು ಗೊತ್ತಿರುವವರಿಂದಲೇ ಪ್ರಾರಂಭಿಸೋಣ. ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ್ದು 1820ರಲ್ಲಿ. ರೋಗಿಗಳ ಸೇವೆಗೆ ಹೋಗಬೇಕೆಂಬ ಆಸೆ ಆಕೆಗೆ ಹರೆಯದಲ್ಲೇ ಇತ್ತು. ಮನೆಯವರು ಶ್ರೀಮಂತರು, ಆ ಕಾಲದಲ್ಲಿ ದಾದಿ ಕೆಲಸವೆಂದರೆ ಕೀಳು ಎಂಬ ಭಾವನೆ, ಬೇಡವೆಂದರು. ಕೊನೆಗೆ 1851ರಲ್ಲಿ, 31ನೆಯ ವಯಸ್ಸಿನಲ್ಲಿ, ಜರ್ಮನಿಯ ಕೈಸರ್ಸ್‌ವರ್ತ್ ಎಂಬ ಊರಿನಲ್ಲಿ ಪಾದ್ರಿ ಫ್ಲೀಡ್ನರ್ ನಡೆಸುತ್ತಿದ್ದ ಸೇವಾಸಂಸ್ಥೆಯಲ್ಲಿ ಕೆಲವು ತಿಂಗಳು ತರಬೇತಿ ಪಡೆದರು. ಕ್ರಿಮಿಯಾ ಯುದ್ಧದ ಆಸ್ಪತ್ರೆಗೆ ಹೋದದ್ದು 1854ರಲ್ಲಿ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ತೆರೆದದ್ದು 1860ರಲ್ಲಿ. ಇಂದು ನರ್ಸಿಂಗ್ ವಿದ್ಯಾರ್ಥಿನಿಯರು ದೀಪ ಹಿಡಿದು ಪ್ರತಿಜ್ಞೆ ಮಾಡುವುದು ಈ ತಡವಾಗಿ ಹೊರಟ ಹೆಣ್ಣಿನ ನೆನಪಿನಲ್ಲಿ. ಇನ್ನೊಬ್ಬರು ಈಡಿತ್ ಕ್ಯಾವೆಲ್. ಪರರ ಮಕ್ಕಳಿಗೆ ಪಾಠ ಹೇಳುತ್ತಿದ್ದವರು, ಕಾಯಿಲೆ ಬಿದ್ದ ತಂದೆಯ ಆರೈಕೆ ಮಾಡಿ, 1896ರಲ್ಲಿ ತಮ್ಮ 30ನೆಯ ವಯಸ್ಸಿನಲ್ಲಿ ಲಂಡನ್ನಿನ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿಯಲು ಸೇರಿದರು. 1915ರಲ್ಲಿ ಯುದ್ಧಕಾಲದಲ್ಲಿ ಸೈನಿಕರನ್ನು ತಪ್ಪಿಸಿಕೊಳ್ಳಲು ನೆರವಾದರೆಂದು ಬ್ರಸೆಲ್ಸ್‌ನಲ್ಲಿ ಗುಂಡಿಗೆ ಬಲಿಯಾದರು.

ಇವರಿಬ್ಬರೂ ಅನುಕೂಲಸ್ಥ ಮನೆಯವರು ಎನ್ನಬಹುದು. ಹಾಗಾದರೆ ಮೂರನೆಯ ಹೆಸರು ಕೇಳಿ. ಅಮೆರಿಕದ ಬಾಸ್ಟನ್ ನಗರದಲ್ಲಿ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಯೊಂದಿತ್ತು. ಅಲ್ಲಿ ಅಡುಗೆ ಮಾಡುತ್ತ, ಬಟ್ಟೆ ಒಗೆಯುತ್ತ, ನೆಲ ಒರೆಸುತ್ತ, ಬಿಡುವಾದಾಗ ರೋಗಿಗಳ ಹಾಸಿಗೆ ಬಳಿ ಕೈಯಾಸರೆ ಕೊಡುತ್ತ ಸುಮಾರು 15 ವರ್ಷ ಕಳೆದ ಕಪ್ಪು ಜನಾಂಗದ ಹೆಣ್ಣುಮಗಳು ಮೇರಿ ಎಲೈಝಾ ಮಹೋನಿ. ಅದೇ ಆಸ್ಪತ್ರೆಯ ನರ್ಸಿಂಗ್ ಶಾಲೆಗೆ 1878ರಲ್ಲಿ ಆಕೆ ವಿದ್ಯಾರ್ಥಿನಿಯಾಗಿ ಸೇರಿದಾಗ ವಯಸ್ಸು 33. ಹದಿನಾರು ತಿಂಗಳ ಕಠಿಣ ಶಿಕ್ಷಣ. ಜೊತೆಗೆ ಸೇರಿದವರಲ್ಲಿ ಕೊನೆಯವರೆಗೆ ನಿಂತವರು ಬೆರಳೆಣಿಕೆಯಷ್ಟು. 1879ರಲ್ಲಿ ಆಕೆ ತೇರ್ಗಡೆಯಾಗಿ ಅಮೆರಿಕದ ಕಪ್ಪು ಜನಾಂಗದ ಮೊದಲ ತರಬೇತಿ ಪಡೆದ ನರ್ಸ್ ಎನಿಸಿದರು. ಎಸ್ಟೇಟ್ ಔಷಧಾಲಯದಲ್ಲಿ ನೆಲ ಒರೆಸುವ, ಶಿಶುವಿಹಾರದಲ್ಲಿ ಆಯಾ ಕೆಲಸ ಮಾಡುವ ನಮ್ಮ ಅಕ್ಕಂದಿರು ಈ ಹೆಸರನ್ನು ನೆನಪಿಟ್ಟುಕೊಳ್ಳಬೇಕು. ಕೆಲಸದ ಹೊತ್ತಿನಲ್ಲಿ ಕಣ್ಣು ತೆರೆದಿಟ್ಟವಳಿಗೆ ಆ 15 ವರ್ಷವೂ ಒಂದು ಪಾಠಶಾಲೆಯೇ ಆಗಿತ್ತು.

ಇನ್ನು ನಮ್ಮ ನಾಡಿಗೆ ಬರೋಣ. ರಾಜಮಂಡ್ರಿಯಲ್ಲಿ 1909ರಲ್ಲಿ ಹುಟ್ಟಿದ ದುರ್ಗಾಬಾಯಿ ಅವರಿಗೆ ಬಾಲ್ಯದಲ್ಲೇ ಮದುವೆ ಮಾಡಿದ್ದರು. ಆ ಬಂಧನದಿಂದ ಹೊರಬಂದು, ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆ ಕಂಡು, ಆಮೇಲೆ ಓದಲು ಕುಳಿತರು. ಶಾಲೆಯ ಮಕ್ಕಳ ವಯಸ್ಸು ದಾಟಿದ ಮೇಲೆ ಬನಾರಸ್ ವಿಶ್ವವಿದ್ಯಾಲಯದ ಮೂಲಕ ಮೆಟ್ರಿಕ್ ಪಾಸು ಮಾಡಿದರು, ಮುಂದೆ ಬಿ.ಎ., ಅದರ ಮೇಲೆ ಕಾನೂನು. ಮದ್ರಾಸಿನಲ್ಲಿ 1937ರಲ್ಲಿ ಆಂಧ್ರ ಮಹಿಳಾ ಸಭಾ ಕಟ್ಟಿದರು. ಓದು ಅರ್ಧಕ್ಕೆ ನಿಂತ ಹೆಂಗಸರನ್ನು ಕೂರಿಸಿ ಪರೀಕ್ಷೆಗೆ ತಯಾರು ಮಾಡುವುದು ಅಲ್ಲಿಯ ಮುಖ್ಯ ಕೆಲಸಗಳಲ್ಲಿ ಒಂದು. ಸ್ವಾತಂತ್ರ್ಯದ ನಂತರ, 1953ರಲ್ಲಿ, ಕೇಂದ್ರ ಸಮಾಜ ಕಲ್ಯಾಣ ಮಂಡಳಿಯ ಮೊದಲ ಅಧ್ಯಕ್ಷೆಯಾದರು. ಆಗ ಹಳ್ಳಿಗಳಿಗೆ ನರ್ಸು, ಸೂಲಗಿತ್ತಿ, ಶಿಕ್ಷಕಿ ಬೇಕು. ಆದರೆ ತರಬೇತಿಗೆ ಸೇರುವಷ್ಟು ಓದಿದ ಹೆಣ್ಣುಮಕ್ಕಳಿಲ್ಲ. ಇನ್ನೊಂದು ಕಡೆ ವಿಧವೆಯರು, ಗಂಡ ಬಿಟ್ಟವರು, ಬಡ ತಾಯಂದಿರು ಕೆಲಸವಿಲ್ಲದೆ ಕುಳಿತಿದ್ದಾರೆ. ಈ ಎರಡು ಕೊರತೆಗಳನ್ನು ಒಂದಕ್ಕೊಂದು ಜೋಡಿಸಿದರು. 1958ರಲ್ಲಿ ಮಂಡಳಿಯು ವಯಸ್ಕ ಮಹಿಳೆಯರಿಗೆಂದೇ ಸಂಕ್ಷಿಪ್ತ ಶಿಕ್ಷಣದ ಯೋಜನೆ ತಂದಿತು. ಹಲವು ವರ್ಷದ ಪಾಠವನ್ನು ಚಿಕ್ಕ ಅವಧಿಯಲ್ಲಿ ಮುಗಿಸಿ, ಪರೀಕ್ಷೆ ಬರೆದು, ಕೆಲಸದ ತರಬೇತಿಗೆ ಹೋಗುವ ದಾರಿ ಅದು. ಆದ್ದರಿಂದ ತಡವಾಗಿ ಕಲಿಯುವುದು ನಮ್ಮ ದೇಶದಲ್ಲಿ ಹೊಸ ಸಂಗತಿಯಲ್ಲ. ಮೊದಲಿನ ಕಾಲದ ನರ್ಸುಗಳನ್ನು, ಗ್ರಾಮಸೇವಕಿಯರನ್ನು ಹಾಗೆಯೇ ಹುಡುಕಿ ತರಲಾಯಿತು.

ಈಗ ಇಂದಿನ ನಿಯಮಗಳನ್ನು ಹೇಳುತ್ತೇನೆ. ಇದನ್ನು ಬರೆದುಕೊಳ್ಳಿ, ಏಕೆಂದರೆ ಬಾಯಿಮಾತಿನಲ್ಲಿ ಬಹಳ ತಪ್ಪು ಹರಡಿದೆ.

ಮೊದಲನೆಯದು ವಯಸ್ಸು. ಭಾರತೀಯ ನರ್ಸಿಂಗ್ ಪರಿಷತ್ತು 1947ರ ಕಾಯಿದೆಯಿಂದ ಆದದ್ದು; ಶಿಕ್ಷಣದ ನಿಯಮ ಮಾಡುವುದು ಅದೇ. ಎ.ಎನ್.ಎಂ. ಎಂಬ ಎರಡು ವರ್ಷದ ತರಬೇತಿಗೂ, ಜಿ.ಎನ್.ಎಂ. ಎಂಬ ಮೂರು ವರ್ಷದ ಡಿಪ್ಲೊಮಾಕ್ಕೂ ಕನಿಷ್ಠ ವಯಸ್ಸು 17, ಗರಿಷ್ಠ 35. ಇಪ್ಪತ್ತೈದಕ್ಕೆ ಬಾಗಿಲು ಮುಚ್ಚುತ್ತದೆ ಎಂದು ನಮ್ಮಲ್ಲಿ ಹೇಳಿಕೊಂಡು ಬರುವುದು ಸರಿಯಲ್ಲ. ಇನ್ನೊಂದು ಅಂಶ: ಎ.ಎನ್.ಎಂ. ಮುಗಿಸಿ ನೋಂದಣಿ ಮಾಡಿಸಿಕೊಂಡವಳು ಜಿ.ಎನ್.ಎಂ.ಗೆ ಹೋಗುವುದಾದರೆ ಅವಳಿಗೆ ಮೇಲಿನ ವಯಸ್ಸಿನ ಮಿತಿ ಇಲ್ಲ. ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಹತ್ತುವವಳಿಗೆ ಹೊತ್ತು ಹೆಚ್ಚು ಸಿಗುತ್ತದೆ. ಎ.ಎನ್.ಎಂ. ಹೆಣ್ಣುಮಕ್ಕಳಿಗೆ ಮಾತ್ರ, ಜಿ.ಎನ್.ಎಂ. ಗಂಡುಮಕ್ಕಳಿಗೂ ಉಂಟು.

ಎರಡನೆಯದು ವಿದ್ಯೆ. ಹಿಂದಿನ ಕಾಲದಲ್ಲಿ ಎಸ್.ಎಸ್.ಎಲ್.ಸಿ. ಆಗಿದ್ದರೆ ಎ.ಎನ್.ಎಂ. ತರಬೇತಿಗೆ ತೆಗೆದುಕೊಳ್ಳುತ್ತಿದ್ದರು. ಈಗ ಎರಡಕ್ಕೂ ಹನ್ನೆರಡನೆಯ ತರಗತಿ, ಎಂದರೆ ಪಿ.ಯು.ಸಿ. ಅಥವಾ ಇಂಟರ್‌ಮೀಡಿಯೆಟ್, ಆಗಿರಬೇಕು. ಇಂಗ್ಲಿಷ್ ಒಂದು ವಿಷಯವಾಗಿರಬೇಕು. ಜಿ.ಎನ್.ಎಂ.ಗೆ ಶೇಕಡಾ 40 ಅಂಕ. ವಿಜ್ಞಾನ ಓದಿದವರಿಗೆ ಅನುಕೂಲ ಹೆಚ್ಚು, ಆದರೆ ಕಲಾ ವಿಭಾಗದವರನ್ನು ಬಾಗಿಲಿನಿಂದ ಹೊರಗೆ ಹಾಕುವುದಿಲ್ಲ. ಬಿ.ಎಸ್ಸಿ. ನರ್ಸಿಂಗ್‌ಗೆ ಮಾತ್ರ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕೇ ಬೇಕು.

ಎಸ್.ಎಸ್.ಎಲ್.ಸಿ.ಗೆ ನಿಂತವರು ಏನು ಮಾಡಬೇಕು? ಅವರಿಗೆ ಮುಕ್ತ ಶಾಲೆ ಇದೆ. 1989ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಮೇಲಿನ ವಯಸ್ಸಿನ ಮಿತಿ ಇಲ್ಲ. ಒಂದು ಸಲ ಹೆಸರು ನೋಂದಾಯಿಸಿದರೆ ಐದು ವರ್ಷದ ಒಳಗೆ ಒಂಬತ್ತು ಅವಕಾಶ. ಒಂದು ವಿಷಯ ಹೋದರೆ ಅದನ್ನು ಮಾತ್ರ ಮತ್ತೆ ಬರೆಯಬಹುದು. ಆಂಧ್ರದಲ್ಲಿ 1991ರಿಂದ ರಾಜ್ಯದ ಮುಕ್ತ ಶಾಲಾ ಸಂಸ್ಥೆಯೂ ಇದೆ. ಈ ಪ್ರಮಾಣಪತ್ರಗಳನ್ನು ನರ್ಸಿಂಗ್ ಪ್ರವೇಶಕ್ಕೆ ಒಪ್ಪುತ್ತಾರೆ. ಆದರೆ ಆಯಾ ವರ್ಷದ ಪ್ರಕಟಣೆಯನ್ನು ಅರ್ಜಿ ಹಾಕುವ ಮೊದಲೇ ಓದಿ, ಯಾವ ವಿಷಯಗಳು ಬೇಕೆಂದು ನೋಡಿಕೊಂಡು ನೋಂದಾಯಿಸಿ.

ಮೂರನೆಯದು ನಮ್ಮಂಥ ಎರಡು ರಾಜ್ಯದ ನಡುವಿನ ಜನರಿಗೆ ಬಹಳ ಮುಖ್ಯವಾದದ್ದು: ನೀವು ಯಾವ ಊರಿನವರು ಎಂಬ ಪ್ರಶ್ನೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಈ ಕಡೆಗೆ ಬಂತು. ರಾಯದುರ್ಗ ಆ ಕಡೆ ಉಳಿಯಿತು. ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯವಾಗಿದ್ದವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. 2022ರ ಏಪ್ರಿಲ್‌ನಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಇದೆ. ಹಳೆಯ ಕಾಗದದಲ್ಲಿ ಒಂದು ಜಿಲ್ಲೆ, ಹೊಸದರಲ್ಲಿ ಇನ್ನೊಂದು. ಆಂಧ್ರದಲ್ಲಿ 1974ರ ರಾಷ್ಟ್ರಪತಿಗಳ ಆದೇಶದಿಂದ ಸ್ಥಳೀಯರಿಗೆ ಶೇಕಡಾ 85 ಸೀಟು ಎಂಬ ಪದ್ಧತಿ ಬಂತು. ಸ್ಥಳೀಯರು ಎನ್ನಲು ಮುಖ್ಯವಾಗಿ ಎಲ್ಲಿ ಎಷ್ಟು ವರ್ಷ ಓದಿದ್ದೀರಿ ಎಂದು ನೋಡುತ್ತಾರೆ. ಕರ್ನಾಟಕದಲ್ಲೂ ಸರ್ಕಾರಿ ಸೀಟಿಗೆ ಇಲ್ಲಿ ಓದಿದ ವರ್ಷಗಳನ್ನು ಕೇಳುತ್ತಾರೆ. ಐದನೆಯವರೆಗೆ ಹಿಂದೂಪುರದಲ್ಲಿ, ಆಮೇಲೆ ಎಸ್ಟೇಟ್ ಶಾಲೆಯಲ್ಲಿ, ಹತ್ತನೆಯದು ಇನ್ನೊಂದು ಕಡೆ ಓದಿದ ನಮ್ಮ ಮಗು ಎರಡೂ ಕಡೆ ಹೊರಗಿನವಳಾಗುವ ಅಪಾಯವಿದೆ. ಇದಕ್ಕೆ ಮದ್ದು ಒಂದೇ: ಓದಿದ ಪ್ರತಿ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ತೆಗೆದಿಟ್ಟುಕೊಳ್ಳುವುದು. ಶಾಲೆ ಮುಚ್ಚಿದ ಮೇಲೆ ಓಡಾಡುವುದು ಬಹಳ ಕಷ್ಟ. ಆಂಧ್ರದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರಿಗೆ ಮತ್ತು ಅವರ ಮಕ್ಕಳಿಗೆ ಬಿ.ಸಿ. – ಸಿ ಎಂಬ ವರ್ಗದಲ್ಲಿ ಮೀಸಲಾತಿ ಇದೆ. ಆ ಪ್ರಮಾಣಪತ್ರವನ್ನೂ ಮೊದಲೇ ಮಾಡಿಸಿಕೊಳ್ಳಿ.

ನಾಲ್ಕನೆಯದು ಎಚ್ಚರಿಕೆ. ಶಾಲೆಗೆ ಮಾನ್ಯತೆ ಇದೆಯೇ ಎಂದು ನೋಡದೆ ಒಂದು ರೂಪಾಯಿ ಕಟ್ಟಬೇಡಿ. ಓದು ಮುಗಿದ ಮೇಲೆ ರಾಜ್ಯದ ನರ್ಸಿಂಗ್ ಪರಿಷತ್ತಿನಲ್ಲಿ ಹೆಸರು ನೋಂದಣಿಯಾಗದಿದ್ದರೆ ಮೂರು ವರ್ಷವೂ ನೀರಿಗೆ ಹೋದ ಹಾಗೆ. ಹದಿನೆಂಟು ವರ್ಷದವಳು ಮೋಸಹೋದರೆ ಮತ್ತೆ ಸೇರಲು ವಯಸ್ಸಿದೆ. ಮೂವತ್ತರವಳು ಮೋಸಹೋದರೆ ಮತ್ತೊಂದು ಸರದಿ ಸಿಗುವುದು ಕಷ್ಟ. ಊರೂರು ತಿರುಗಿ ಸೀಟು ಕೊಡಿಸುತ್ತೇನೆ ಎನ್ನುವ ಏಜೆಂಟರಿಗೆ ಮೂಲ ಅಂಕಪಟ್ಟಿಯನ್ನು ಕೊಡಬಾರದು. ಆರು ತಿಂಗಳಲ್ಲಿ ನರ್ಸ್ ಮಾಡುತ್ತೇವೆ ಎಂಬ ಹಲಗೆ ಕಂಡರೆ ದೂರದಿಂದಲೇ ನಮಸ್ಕಾರ ಹಾಕಿ. ಅದು ಸಹಾಯಕಿಯ ತರಬೇತಿ ಇರಬಹುದು; ಅದಕ್ಕೂ ಗೌರವವಿದೆ; ಆದರೆ ಅದು ನರ್ಸಿಂಗ್ ಅಲ್ಲ.

ನಿಯಮ ಸಾಕು. ಈಗ ಒಳಗಿನ ಬದುಕು ಹೇಗಿರುತ್ತದೆ ಎಂಬುದನ್ನು ಹೇಳುತ್ತೇನೆ. ಕಲ್ಯಾಣದುರ್ಗದ ಕಡೆಯ ಒಬ್ಬ ಹೆಣ್ಣುಮಗಳು ನನಗೆ ತಿಳಿದವಳು. ಹೆಸರು ಬೇಡ. ಎಸ್.ಎಸ್.ಎಲ್.ಸಿ. ಆದ ಮೇಲೆ ಮದುವೆ, ಎರಡು ಮಕ್ಕಳು, ಎಸ್ಟೇಟಿನ ಶಿಶುವಿಹಾರದಲ್ಲಿ ಆಯಾ ಕೆಲಸ. ಇಪ್ಪತ್ತೆಂಟಕ್ಕೆ ಮುಕ್ತ ಶಾಲೆಯಲ್ಲಿ ಹನ್ನೆರಡನೆಯ ತರಗತಿ ಮುಗಿಸಿದಳು, ಇಪ್ಪತ್ತೊಂಬತ್ತಕ್ಕೆ ಜಿ.ಎನ್.ಎಂ. ಸೇರಿದಳು. ಮೊದಲ ವಾರ ಹಾಸ್ಟೆಲಿನ ಹುಡುಗಿಯರು ಅವಳನ್ನು ಯಾರದೋ ತಾಯಿ ಎಂದುಕೊಂಡು ಎದ್ದು ನಿಂತರಂತೆ. ಆಮೇಲೆ ‘ಅಕ್ಕ’ ಎಂದು ಕರೆದರು. ನಗೆಪಾಟಲು ಅಷ್ಟಕ್ಕೇ ಮುಗಿಯಿತು.

ನಿಜವಾದ ಕಷ್ಟ ಇಂಗ್ಲಿಷಿನದು. ದೇಹರಚನೆ, ಸೂಕ್ಷ್ಮಜೀವಿ, ಔಷಧ ಎಲ್ಲವೂ ಇಂಗ್ಲಿಷ್ ಪುಸ್ತಕ. ಮನೆಮಾತು ಕನ್ನಡ, ಶಾಲೆಯಲ್ಲಿ ಕಲಿತದ್ದು ತೆಲುಗು, ಹತ್ತು ವರ್ಷ ಪುಸ್ತಕ ಮುಟ್ಟಿಲ್ಲ. ಮೊದಲ ವರ್ಷ ಒಂದು ವಿಷಯ ಹೋಯಿತು. ಅವಳು ಮಾಡಿದ ಉಪಾಯ ಹೇಳುತ್ತೇನೆ, ನಿಮಗೂ ಉಪಯೋಗಕ್ಕೆ ಬಂದೀತು. ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೆ ಹತ್ತು ಇಂಗ್ಲಿಷ್ ಶಬ್ದ, ಎದುರಿಗೆ ಕನ್ನಡ ಅಕ್ಷರದಲ್ಲಿ ಉಚ್ಚಾರ, ಅದರ ಪಕ್ಕ ಅರ್ಥ. ಹದಿನೆಂಟರ ಹುಡುಗಿಯರು ಅವಳಿಗೆ ಶಬ್ದ ಹೇಳಿಕೊಟ್ಟರು. ರೋಗಿಯನ್ನು ನೋವಾಗದ ಹಾಗೆ ಮಗ್ಗುಲು ತಿರುಗಿಸುವುದು, ಹಠ ಮಾಡುವ ಮಗುವಿಗೆ ಔಷಧಿ ಕುಡಿಸುವುದು ಹೇಗೆಂದು ಅವಳು ಅವರಿಗೆ ತೋರಿಸಿದಳು. ಮರುವರ್ಷ ಹೋದ ವಿಷಯವೂ ಆಯಿತು.

ವಾರ್ಡಿಗೆ ಇಳಿದ ಮೇಲೆ ಹಳೆಯ ಬೇರಿನ ಬಲ ಗೊತ್ತಾಗುತ್ತದೆ. ಹೆತ್ತವಳಿಗೆ ಹೆರಿಗೆ ನೋವಿನ ಭಯ ಏನೆಂದು ಪುಸ್ತಕದಿಂದ ಕಲಿಯಬೇಕಾಗಿಲ್ಲ. ರಾತ್ರಿ ಮಗುವಿಗಾಗಿ ಎದ್ದೆದ್ದು ರೂಢಿಯಾದವಳಿಗೆ ರಾತ್ರಿ ಪಾಳಿ ಹೊಸದಲ್ಲ. ಮಲ ಮೂತ್ರ ಕಂಡು ಮುಖ ಸಿಂಡರಿಸುವುದಿಲ್ಲ. ಭಾಷೆಯ ವಿಷಯವೂ ಹಾಗೆಯೇ. ಕಲ್ಯಾಣದುರ್ಗದಲ್ಲಿ ಗ್ರಾಮೀಣಾಭಿವೃದ್ಧಿ ಟ್ರಸ್ಟಿನ ಆಸ್ಪತ್ರೆ ಇದೆ. ವಿನ್ಸೆಂಟ್ ಫೆರರ್ ಅವರು 1969ರಲ್ಲಿ ಅನಂತಪುರದಲ್ಲಿ ಆರಂಭಿಸಿದ ಸಂಸ್ಥೆ ಅದು. ಬತ್ತಲಪಲ್ಲಿಯಲ್ಲಿ ಅದರ ದೊಡ್ಡ ಆಸ್ಪತ್ರೆ ಉಂಟು. ಹಿಂದೂಪುರದಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ಗಡಿಯ ಇಂಥ ಊರುಗಳಲ್ಲಿ ಒಂದು ಹಾಸಿಗೆಯ ರೋಗಿ ತೆಲುಗು ಮಾತಾಡಿದರೆ ಪಕ್ಕದ ಹಾಸಿಗೆಯವಳು ಕನ್ನಡ ಮಾತಾಡುತ್ತಾಳೆ. ಎರಡೂ ಬಲ್ಲ ನರ್ಸ್ ಬಂದು ‘ಎಲ್ಲಿ ನೋವು ಅಮ್ಮಾ’ ಎಂದರೆ ಅರ್ಧ ನೋವು ಇಳಿಯುತ್ತದೆ. ಮನೆಯಲ್ಲೊಂದು ಬೀದಿಯಲ್ಲೊಂದು ಭಾಷೆ ಎಂದು ನಾವು ಸಂಕೋಚಪಡುತ್ತಿದ್ದದ್ದು ಅಲ್ಲಿ ಕೈಗೆ ಬರುವ ವಿದ್ಯೆ.

ಈಗ ನಾನು ಹೇಳಬೇಕೆಂದು ಬಂದ ಮುಖ್ಯ ಮಾತಿಗೆ ಬರುತ್ತೇನೆ. ತಡವಾಗಿ ಹೊರಟವಳನ್ನು ವಯಸ್ಸು ತಡೆಯುವುದು ಕಡಿಮೆ. ತಡೆಯುವುದು ಮನೆಯ ಲೆಕ್ಕ. ಮೂರು ವರ್ಷ ಅವಳ ಕೂಲಿ ಬರುವುದಿಲ್ಲ. ಮಕ್ಕಳಿಗೆ ತಲೆ ಬಾಚುವವರು ಯಾರು, ಅತ್ತೆಗೆ ಮಾತ್ರೆ ಕೊಡುವವರು ಯಾರು, ಸಂಘದ ಸಾಲದ ಕಂತು ಕಟ್ಟುವವರು ಯಾರು? ಇದಕ್ಕೆ ಉತ್ತರ ಸಿಗದೆ ಹೋದವಳು ಮೊದಲ ವರ್ಷದಲ್ಲೇ ಹಿಂದಿರುಗುತ್ತಾಳೆ. ನಾನು ಹೇಳಿದ ಹೆಣ್ಣುಮಗಳ ಮನೆಯಲ್ಲಿ ಮೊದಲು ಅತ್ತೆ ಒಪ್ಪಲಿಲ್ಲ. ಆಮೇಲೆ ಗಂಡ, ಅತ್ತೆ, ಅವಳ ತವರಿನವರು ಒಂದೇ ಕಡೆ ಕುಳಿತು ಮಾತಾಡಿದರು. ದೊಡ್ಡವನು ಹಾಸ್ಟೆಲಿಗೆ, ಚಿಕ್ಕವಳು ಊರಿನಲ್ಲಿ ಅತ್ತೆಯ ಬಳಿ, ಗಂಡ ತಾನೇ ಬೇಯಿಸಿಕೊಳ್ಳುವುದು, ಹಬ್ಬಕ್ಕೆ ಹೊಸ ಬಟ್ಟೆ ಮೂರು ವರ್ಷ ಬೇಡ. ಇಷ್ಟನ್ನು ಕಾಗದದಲ್ಲಿ ಬರೆದಿಟ್ಟರು. ಮಧ್ಯದಲ್ಲಿ ಚಿಕ್ಕವಳಿಗೆ ಜ್ವರ ಬಂದಾಗ ಬಿಟ್ಟು ಬರುತ್ತೇನೆ ಎಂದಳು. ಬರಬೇಡ ಎಂದು ಹೇಳಿ ಕಳಿಸಿದವರು ಮೊದಲು ಒಪ್ಪದಿದ್ದ ಅದೇ ಅತ್ತೆ.

ಮೂವತ್ತೆರಡಕ್ಕೆ ಅವಳ ಓದು ಮುಗಿಯಿತು. ಅರುವತ್ತರವರೆಗೆ ಲೆಕ್ಕ ಹಾಕಿ: 28 ವರ್ಷದ ದುಡಿಮೆ ಮುಂದೆ ಇದೆ. ಮೂರು ವರ್ಷ ಕೊಟ್ಟು 28 ವರ್ಷ ಪಡೆಯುವುದು ನಷ್ಟದ ವ್ಯಾಪಾರವೇ? ‘ಓದು ಮುಗಿಸುವ ಹೊತ್ತಿಗೆ ಮೂವತ್ತೆರಡಾಗುತ್ತದಲ್ಲ’ ಎಂದು ಹೆದರಿಸುವವರಿಗೆ ನಾನು ಕೇಳುವುದಿಷ್ಟೆ: ಓದದೆ ಇದ್ದರೂ ಅವಳಿಗೆ ಮೂವತ್ತೆರಡಾಗುವುದಿಲ್ಲವೇ?

ಇದರ ಇನ್ನೊಂದು ಮುಖವನ್ನೂ ಮರೆಮಾಚಬಾರದು. ಇನ್ನೊಬ್ಬ ಸಹೋದರಿ ಮೂವತ್ತೊಂದಕ್ಕೇ ಇಂಟರ್‌ಮೀಡಿಯೆಟ್ ಮುಗಿಸಿದ್ದಳು. ಈ ವರ್ಷ ನಾದಿನಿಯ ಮದುವೆ, ಬರುವ ವರ್ಷ ಮನೆಗೆ ಹೆಂಚು, ಅದರ ಮುಂದಿನ ವರ್ಷ ಬೋರ್‌ವೆಲ್. ಯಾರೂ ಬೇಡ ಎನ್ನಲಿಲ್ಲ. ಎಲ್ಲರೂ ‘ಬರುವ ವರ್ಷ’ ಎಂದರು. ಅವಳಿಗೆ ಮೂವತ್ತಾರಾಯಿತು. ಅವಳು ಅರ್ಜಿಯನ್ನು ಹಿಡಿದುಕೊಂಡು ಬಂದಾಗ ನಾನು ಜನ್ಮದಿನಾಂಕ ನೋಡಿ ಸುಮ್ಮನಾದೆ, ಅವಳೂ ಸುಮ್ಮನಾದಳು. ಬೇಡ ಎಂದ ಮನೆಯಲ್ಲಿ ವಾದ ಮಾಡಬಹುದು. ಬರುವ ವರ್ಷ ಎಂದ ಮನೆಯಲ್ಲಿ ವಾದಕ್ಕೂ ಎಡೆಯಿರುವುದಿಲ್ಲ. ಆದ್ದರಿಂದ ಗಂಡಂದಿರಿಗೂ ಅತ್ತೆ ಮಾವಂದಿರಿಗೂ ನನ್ನ ವಿನಂತಿ: ಆಗದು ಎಂದಾದರೆ ಇಂದೇ ಹೇಳಿ, ಆಗುತ್ತದೆ ಎಂದಾದರೆ ಯಾವ ತಿಂಗಳು ಎಂದು ಹೇಳಿ.

ಮೂವತ್ತೈದು ದಾಟಿದವರಿಗೆ ಏನೂ ಇಲ್ಲವೇ? ನರ್ಸ್ ಆಗುತ್ತೀರಿ ಎಂದು ಸುಳ್ಳು ಆಸೆ ಕೊಡಲಾರೆ. ಆದರೆ 2005ರಲ್ಲಿ ಬಂದ ಗ್ರಾಮೀಣ ಆರೋಗ್ಯ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯ ವಯಸ್ಸು 25ರಿಂದ 45 ಎಂದು ಇಟ್ಟಿದ್ದಾರೆ. ರೋಗಿಗಳ ಆರೈಕೆಯ ಸಹಾಯಕಿಯ ತರಬೇತಿಗಳೂ ಉಂಟು. ಅವುಗಳ ಸಂಬಳ, ಭದ್ರತೆ ಕಡಿಮೆ. ಅದಕ್ಕಾಗಿ ಆಶಾ ಅಕ್ಕಂದಿರು ಬೀದಿಗಿಳಿದು ಹೋರಾಡಿದ್ದನ್ನು ನೀವು ಕಂಡಿದ್ದೀರಿ. ಆದರೂ ಊರಿನ ಆರೋಗ್ಯಕ್ಕೆ ಅವರು ಆಧಾರ. ಆ ಸಹೋದರಿ ಈಗ ತನ್ನ ತಂಗಿಯ ಮಗಳನ್ನು ಓದಿಸುತ್ತಿದ್ದಾಳೆ, ‘ಬರುವ ವರ್ಷ’ ಎಂಬ ಮಾತನ್ನು ಆ ಮನೆಯಲ್ಲಿ ಯಾರೂ ಆಡಬಾರದು ಎಂದು ಕಟ್ಟಳೆ ಮಾಡಿದ್ದಾಳೆ.

ಇನ್ನು ನಮ್ಮ ಕೂಟ ಮಾಡಬಹುದಾದ ಕೆಲಸ. ಹಣದ ದೊಡ್ಡ ನೆರವು ನಮ್ಮಿಂದಾಗದು. ಆದರೆ ಮೂರು ಕೆಲಸ ಆಗುತ್ತದೆ. ಒಂದು, ಯಾವ ಮನೆಯ ಹೆಣ್ಣುಮಗಳು ಓದಲು ಹೋಗಿದ್ದಾಳೋ ಆ ಮನೆಯ ಮಕ್ಕಳನ್ನು ಸಂಜೆ ನೋಡಿಕೊಳ್ಳಲು ಲೈನಿನ ನಾಲ್ಕು ಮನೆಯವರು ಸರದಿ ಹಾಕಿಕೊಳ್ಳುವುದು. ಎರಡು, ಹತ್ತನೆಯದು ಮುಗಿಸಿ ನಿಂತವರ ಹೆಸರು, ವಯಸ್ಸು ಬರೆದು ಪಟ್ಟಿ ಮಾಡುವುದು; ಮೂವತ್ತು ದಾಟಿದವರ ಹೆಸರು ಮೇಲೆ ಇರಲಿ, ಅವರಿಗೆ ಹೊತ್ತು ಕಡಿಮೆ. ಮೂರು, ಅರ್ಜಿ ತುಂಬುವುದು, ಮಾನ್ಯತೆ ವಿಚಾರಿಸುವುದು, ವಿದ್ಯಾರ್ಥಿವೇತನ ಕೇಳುವುದು. ಈ ಕೆಲಸಕ್ಕೆ ಸಂಘದಲ್ಲಿ ನಾವಿದ್ದೇವೆ. ಮಗಳನ್ನು ಓದಿಸುವ ಕಾರ್ಮಿಕರಿಗೆ ಭವಿಷ್ಯನಿಧಿಯಿಂದ ಮಕ್ಕಳ ವಿದ್ಯೆಗೆ ಮುಂಗಡ ತೆಗೆಯುವ ಅವಕಾಶ ಉಂಟು. ಎಲ್ಲವನ್ನೂ ತೆಗೆದು ಮುಪ್ಪಿಗೆ ಬರಿಗೈಯಾಗಬೇಡಿ. ಎಷ್ಟು ತೆಗೆದರೆ ಒಳ್ಳೆಯದು ಎಂದು ಕುಳಿತು ಲೆಕ್ಕ ಹಾಕೋಣ.

ಹೆಣ್ಣುಮಕ್ಕಳಿಗೆ ಕಡೆಯದಾಗಿ ಒಂದು ಮಾತು. ಈ ರಾತ್ರಿ ಮನೆಗೆ ಹೋದ ಮೇಲೆ ಟ್ರಂಕಿನ ತಳದಲ್ಲಿರುವ ಅಂಕಪಟ್ಟಿಯನ್ನು ಹೊರಗೆ ತೆಗೆಯಿರಿ. ಗೆದ್ದಲು ಹಿಡಿದಿದ್ದರೆ ನಕಲು ಪ್ರತಿಗೆ ಅರ್ಜಿ ಹಾಕೋಣ. ಹೆಸರಿನ ಒಂದು ಅಕ್ಷರ ಆಧಾರ್ ಚೀಟಿಯಲ್ಲಿ ಬೇರೆ ಇದ್ದರೆ ಈಗಲೇ ತಿದ್ದಿಸೋಣ. ಬರುವ ಭಾನುವಾರ ಕೂಟಕ್ಕೆ ಅವನ್ನು ತನ್ನಿರಿ, ಜೊತೆಗೆ ಗಂಡನನ್ನೂ ಅತ್ತೆಯನ್ನೂ ಕರೆತನ್ನಿರಿ. ಪಟ್ಟಿ ಬರೆಯಲು ನಾನು ಪುಸ್ತಕ ತಂದು ಮುಂಚೆಯೇ ಕುಳಿತಿರುತ್ತೇನೆ.